ನೀಲಿ ಅಂಗಿಯ ಕೀಪರ್

ಅಥವಾ ಆ ದಿನ ಕೀಪರ್ ಚೆಂಡನ್ನು ಹಿಡಿದೇ ಇರಲಿಲ್ಲವೇನೋ. ನನ್ನ ತಲೆಯಲ್ಲಿ ಉಳಿದಿರುವುದು ಇಷ್ಟು: ಸಿದ್ದಕಟ್ಟೆಯ ಹತ್ತಿರ ಕೊಯ್ಲು ಮುಗಿದ ಒಂದು ಗದ್ದೆ, ಬರಿಗಾಲಿಗೆ ಚುಚ್ಚುವ ಪೈರಿನ ಬುಡಗಳು, ಸ್ಟಂಪಿಗೆ ಅಂಟಿಕೊಂಡಂತೆ ಕುಕ್ಕರಗಾಲಿನಲ್ಲಿ ಕೂತ ತೆಳ್ಳಗಿನ ಯುವಕ. ಅಂಡರ್ ಆರ್ಮ್ ಬೌಲರ್ ಎಸೆದ ಟೆನಿಸ್ ಚೆಂಡು ಬ್ಯಾಟಿನ ಅಂಚಿಗೆ ತಾಗಿ ಎಡಕ್ಕೆ ಹಾರುತ್ತದೆ. ಅವನು ಮುಖವನ್ನೂ ತಿರುಗಿಸದೆ ಕೈ ಚಾಚುತ್ತಾನೆ. ಚೆಂಡು ಅಂಗೈಯಲ್ಲಿ ನಿಲ್ಲುತ್ತದೆ. ಅವನ ನೆರಳು ಗದ್ದೆಯಂಚಿನ ಹುಣಿಯವರೆಗೆ ಉದ್ದಕ್ಕೆ ಬಿದ್ದಿದೆ, ಅಂದರೆ ಹೊತ್ತು ಸಂಜೆ. ಆದರೆ ಆ ಪಂದ್ಯ ನಡೆದದ್ದು ನಡುಹಗಲಿನಲ್ಲಿ. ಬಿಸಿಲಿಗೆ ತಲೆನೋವು ಬಂದು ನಾನು ಮನೆಗೆ ಹೋದದ್ದು ನನಗೆ ಚೆನ್ನಾಗಿ ನೆನಪಿದೆ. ಹಾಗಾದರೆ ನೆರಳು ಬೇರೆ ದಿನದ್ದು. ಕ್ಯಾಚೂ ಬೇರೆ ದಿನದ್ದಿರಬಹುದು, ಬೇರೆ ಯಾರದ್ದೋ ಇರಬಹುದು. ಈ ಕತೆಯನ್ನು ನಾನು ಬೇಕಾದಷ್ಟು ಕಡೆ ಹೇಳಿದ್ದೇನೆ. ಹೇಳಿದ ಪ್ರತಿ ಸಲವೂ ಚೆಂಡು ಒಂದು ಗೇಣು ದೂರಕ್ಕೆ ಹೋಗಿದೆ, ಅವರ ಕೈ ಒಂದು ಗೇಣು ಉದ್ದವಾಗಿದೆ.

ಹೋದ ತಿಂಗಳು ಅವರು ತೀರಿಕೊಂಡರು. ಅವರ ಬಗ್ಗೆ ಊರು ಈಗಾಗಲೇ ಬೇಕಾದಷ್ಟು ಸುಳ್ಳು ಹೇಳಿದೆ. ನನ್ನ ಪಾಲಿನ ಗೇಣನ್ನೂ ಅದಕ್ಕೆ ಸೇರಿಸುವುದು ಬೇಡ ಎಂದು ಮೊದಲೇ ಇಷ್ಟು ಹೇಳಿಬಿಟ್ಟಿದ್ದೇನೆ.

ಹೆಸರು ಬರೆಯುವುದಿಲ್ಲ. ಬಂಟ್ವಾಳದಿಂದ ಮೂಡುಬಿದಿರೆಯವರೆಗೆ ಅವರ ಹೆಸರು ಯಾರಿಗೂ ಬೇಕಾಗಿಯೂ ಇರಲಿಲ್ಲ. ಓರಗೆಯವರಿಗೆ ಅವರು ಕೀಪರ್, ಕಿರಿಯರಿಗೆ ಕೀಪರ್ ಕಾಕ. ಬಂಟ್ವಾಳ ಪೇಟೆಯ ಬ್ಯಾರಿ ಮುಸ್ಲಿಂ ಕುಟುಂಬದವರು. ಕೊನೆಯ ವರ್ಷಗಳಲ್ಲಿ ಬಿ.ಸಿ. ರೋಡಿನಲ್ಲಿ ಕೊಡೆ, ಶಾಲೆ ಚೀಲ ಮಾರುವ ಸಣ್ಣ ಅಂಗಡಿ ಇಟ್ಟುಕೊಂಡಿದ್ದರು. ನಾವಿಬ್ಬರೂ ಮಾತಾಡುತ್ತಿದ್ದುದು ತುಳುವಿನಲ್ಲಿ. ಅವರು ಹೇಳಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿರುವುದರಿಂದ ಒಂದು ಪದರ ಈಗಾಗಲೇ ಕಳೆದುಹೋಗಿದೆ ಎಂದು ಓದುವವರು ಲೆಕ್ಕಕ್ಕೆ ಹಿಡಿಯಬೇಕು.

ಅವರು ಕೊಲ್ಲಿಯ ಒಂದು ದೇಶದ ರಾಷ್ಟ್ರೀಯ ಕ್ರಿಕೆಟ್ ತಂಡದ ವಿಕೆಟ್ ಕೀಪರ್ ಆಗಿದ್ದರು. ಅನುಮಾನವಿಲ್ಲದೆ ನಾನು ಬರೆಯಬಲ್ಲ ಕೆಲವೇ ವಾಕ್ಯಗಳಲ್ಲಿ ಇದು ಒಂದು.

ನಾನು ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಅವರು ಅಲ್ಲಿನದೇ ಒಂದು ಶಾಲೆಯ ಮೈದಾನದಲ್ಲಿ ವಾರಕ್ಕೆ ಕೆಲವು ದಿನ ಮಕ್ಕಳಿಗೆ ಕ್ರಿಕೆಟ್ ಕಲಿಸಲು ಬರುತ್ತಿದ್ದರು. ಸಂಜೆ ಹಿಂತಿರುಗುವ ಬಸ್ಸು ಒಂದೇ. ಅವರ ಆಟದ ಬದುಕನ್ನು ನಾನು ಕೇಳಿದ್ದು ಆ ಬಸ್ಸಿನಲ್ಲಿ, ಸಿದ್ದಕಟ್ಟೆಗೂ ರಾಯಿಗೂ ನಡುವೆ, ತಿರುವು ತಿರುವಿಗೆ ತುಂಡಾಗುತ್ತ. ಹಾಗಾಗಿ ಅದು ಮೊದಲಿನಿಂದ ಕೊನೆಗೆ ಹೋಗುವ ಕತೆಯಾಗಿ ನನ್ನಲ್ಲಿ ಇಲ್ಲ. ಅವರ ಕಿಟ್ ಚೀಲ ಯಾವಾಗಲೂ ಒಬ್ಬ ಮನುಷ್ಯನ ಜಾಗ ತಿನ್ನುತ್ತಿತ್ತು. ಕಂಡಕ್ಟರ್ ದಿನವೂ ರೇಗಿಸುತ್ತಿದ್ದ.

"ಕೀಪರ್ ಕಾಕ, ಈ ಚೀಲಕ್ಕೂ ಒಂದು ಸೀಟು ಬೇಕಾ?"

"ಅದು ನಿನಗಿಂತ ಹೆಚ್ಚು ದೇಶ ನೋಡಿದ ಚೀಲ ಮಾರಾಯ. ಕೂತುಕೊಳ್ಳಲಿ ಬಿಡು."

ಬಸ್ ಸ್ಟ್ಯಾಂಡಿನಲ್ಲಿ ಬೆಂಚು ಖಾಲಿ ಇದ್ದರೂ ಅವರು ಅದರ ಮೇಲೆ ಕೂರುತ್ತಿರಲಿಲ್ಲ. ಬೆಂಚಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಎರಡೂ ಕೈಗಳನ್ನು ಮೊಣಕಾಲಿನ ಮುಂದೆ ಸಡಿಲ ಬಿಟ್ಟು, ಬಸ್ಸು ಬರುವ ದಿಕ್ಕನ್ನು ನೋಡುತ್ತಿದ್ದರು. ಎದ್ದೇಳುವಾಗ ಮೊಣಕಾಲು ಲಟಕ್ಕೆನ್ನುತ್ತಿತ್ತು. ಬಲಗೈಯ ಉಂಗುರದ ಬೆರಳು ನಡುಗಂಟಿನಲ್ಲಿ ಹೊರಕ್ಕೆ ಬಾಗಿತ್ತು. ಟಿಕೆಟ್ ಹಿಡಿದಾಗ ಆ ಬೆರಳು ಮಾತ್ರ ಬೇರೆಲ್ಲೋ ನೋಡುತ್ತಿರುವಂತೆ ಕಾಣುತ್ತಿತ್ತು. ಕೀಪಿಂಗಿನ ಬಗ್ಗೆ ಅವರಿಗೆ ಇದ್ದದ್ದು ಒಂದೇ ಸಿದ್ಧಾಂತ: ಚೆಂಡು ಏಳುವ ಮೊದಲು ನೀನು ಏಳಬೇಡ. ಆಸೆಯಿಂದ ಮೊದಲೇ ಎದ್ದ ಕೀಪರನ ಕೈಯ ಕೆಳಗಿನಿಂದ ಚೆಂಡು ಹೋಗಿಬಿಡುತ್ತದೆ. ಇದನ್ನು ಅವರು ಮಕ್ಕಳಿಗೆ, ನನಗೆ, ಒಮ್ಮೆ ಅವಸರದಲ್ಲಿ ಇಳಿಯಹೊರಟ ಮುದುಕರೊಬ್ಬರಿಗೂ ಹೇಳಿದ್ದರು.

ಅವರು ಕಲಿತದ್ದು ನಮ್ಮ ಊರುಗಳ ಅಂಡರ್ ಆರ್ಮ್ ಆಟದಲ್ಲಿ. ಹೊರಗಿನವರಿಗೆ ಹೇಳಬೇಕೆಂದರೆ, ಸೊಂಟದ ಕೆಳಗಿನಿಂದ ಟೆನಿಸ್ ಚೆಂಡು ಎಸೆಯುವ ಈ ಕ್ರಿಕೆಟ್ ನಮ್ಮಲ್ಲಿ ಗದ್ದೆ ಖಾಲಿಯಾದ ಕೂಡಲೇ ಹುಟ್ಟುತ್ತದೆ, ಮಳೆ ಬಂದ ಕೂಡಲೇ ಸಾಯುತ್ತದೆ. ಯುವಕನಾಗಿದ್ದಾಗ ಅವರು ಒಮ್ಮೆ ಮಂಗಳೂರಿಗೆ ಆಯ್ಕೆಗೆಂದು ಹೋಗಿದ್ದರಂತೆ. ಬಟ್ಟೆಯ ಚೀಲದಲ್ಲಿ ಬಿಳಿ ಪ್ಯಾಂಟು ಮಾತ್ರ ಇತ್ತು, ಗ್ಲವ್ಸ್ ಇರಲಿಲ್ಲ. ಮೇಜಿನ ಹಿಂದೆ ಕೂತವರು ಯಾವ ಕ್ಲಬ್ಬು ಎಂದು ಕೇಳಿದರು. ಬಂಟ್ವಾಳ ಎಂದರು ಇವರು. ಅದು ಊರಲ್ಲವಾ, ಕ್ಲಬ್ಬಿನ ಹೆಸರು ಹೇಳು ಎಂದರು. ಇವರು ಮಧ್ಯಾಹ್ನದ ಬಸ್ಸಿಗೆ ವಾಪಸು ಬಂದರು. ಇದನ್ನು ಅವರು ನಗುತ್ತ ಹೇಳಿದ್ದರೆಂದು ಬರೆಯಲು ನನಗೆ ಆಸೆ ಇದೆ. ನಗಲಿಲ್ಲ ಎಂದೇ ನನ್ನ ಅನುಮಾನ.

ಆಮೇಲೆ ಎಲ್ಲರಂತೆ ಗಲ್ಫು. ಕಟ್ಟಡ ಸಾಮಾನಿನ ಒಂದು ಕಂಪೆನಿಯಲ್ಲಿ ಸ್ಟೋರ್ ಕೀಪರ್ ಕೆಲಸ. ಅಲ್ಲಿ ಶುಕ್ರವಾರ ಕಂಪೆನಿ ಕಂಪೆನಿಗಳ ನಡುವೆ ಲೀಗ್ ಪಂದ್ಯ ನಡೆಯುತ್ತಿತ್ತು. ಸಿಮೆಂಟಿನ ಪಿಚ್ಚು, ಅದರ ಮೇಲೆ ಬಿಗಿದ ಮ್ಯಾಟು, ಸುತ್ತ ಹುಲ್ಲಿಲ್ಲದ ಮರಳು. ಮರದಂತೆ ಗಟ್ಟಿಯಾದ ಚರ್ಮದ ಚೆಂಡನ್ನು ಅವರು ಮೊದಲ ಸಲ ಹಿಡಿದದ್ದು ಅಲ್ಲಿ. ಆ ಬೆರಳು ಹೋದದ್ದೂ ಅಲ್ಲಿಯೇ, ಮೊದಲ ತಿಂಗಳಲ್ಲೇ. ಮ್ಯಾನೇಜರನಿಗೆ ಕ್ರಿಕೆಟ್ ಹುಚ್ಚು. ಕಂಪೆನಿ ಗೆದ್ದ ಮರುದಿನ ಸ್ಟೋರಿನ ಲೆಕ್ಕ ತಪ್ಪಿದರೂ ಅವನು ಕೇಳುತ್ತಿರಲಿಲ್ಲ. ಕೆಲವು ವರ್ಷ ಅಲ್ಲಿ ನೆಲೆಸಿದವರು ಆ ದೇಶದ ತಂಡಕ್ಕೆ ಆಡಬಹುದು ಎಂಬ ನಿಯಮ ಇತ್ತು. ಇವರು ನೆಲೆಸಿದ್ದರು. ನೆಲೆಸಿದ್ದರು ಎಂಬುದು ಸರಿಯಾದ ಪದವಲ್ಲ, ವೀಸಾ ನವೀಕರಣವಾಗುತ್ತ ಇತ್ತು. ಒಂದು ದಿನ ಕರೆ ಬಂತು.

ಹಾಗೆ ನಮ್ಮ ಬಂಟ್ವಾಳದವರು ಬೇರೆಯವರ ದೇಶದ ಕೀಪರ್ ಆದರು. ತಂಡದಲ್ಲಿ ಆ ದೇಶದಲ್ಲೇ ಹುಟ್ಟಿದವರು ಒಬ್ಬಿಬ್ಬರು. ಉಳಿದವರು ಲಾಹೋರಿನವರು, ಕೊಲಂಬೊದವರು, ಮುಂಬಯಿಯವರು. ಬ್ಯಾಂಕಿನ ಗುಮಾಸ್ತ, ಲಾರಿಯ ಚಾಲಕ, ವಿಮೆ ಮಾರುವವ. ಪಂದ್ಯಕ್ಕೆ ಮೊದಲು ಸಾಲಾಗಿ ನಿಂತು ಆ ದೇಶದ ರಾಷ್ಟ್ರಗೀತೆ ಹಾಡಬೇಕಿತ್ತು. ಮದ್ರಸದಲ್ಲಿ ಅರಬಿ ಓದಿದ್ದರಿಂದ ಇವರ ಉಚ್ಚಾರ ಚೆನ್ನಾಗಿತ್ತಂತೆ. ಹಾಗಾಗಿ ಇವರನ್ನು ಕ್ಯಾಮರಾ ಬರುವ ಕಡೆ ನಿಲ್ಲಿಸುತ್ತಿದ್ದರು. ಅರ್ಥ ಗೊತ್ತಿತ್ತಾ ಎಂದು ಕೇಳಿದೆ. "ಓದಲಿಕ್ಕೆ ಬರ್ತದೆ. ಅರ್ಥಕ್ಕೆ ಬೇರೆ ಜನ ಉಂಟು" ಎಂದರು.

ಕೀನ್ಯಾದ ವಿರುದ್ಧ ಆಡಿದರು, ಮಲೇಷ್ಯಾದ ವಿರುದ್ಧ ಆಡಿದರು, ಹಾಲೆಂಡಿನ ವಿರುದ್ಧ ಆಡಿದರು. ಬಸ್ಸಿನಲ್ಲಿ ಹಿಂದಿನ ಸೀಟಿನವರೊಬ್ಬರು ಒಮ್ಮೆ ಇದನ್ನು ಕೇಳಿಸಿಕೊಂಡು, ಹಾಲೆಂಡಿನವರೂ ಕ್ರಿಕೆಟ್ ಆಡ್ತಾರಾ ಎಂದು ಕೇಳಿ ಇಡೀ ಬಸ್ಸನ್ನು ನಗಿಸಿದರು. ಕೀಪರ್ ಕಿಟಕಿಯ ಕಡೆ ತಿರುಗಿ ಕೂತರು. ಹಾಲೆಂಡಿನ ಪಂದ್ಯವೇ ಅವರ ಪಾಲಿಗೆ ದೊಡ್ಡದು. ಅದರಲ್ಲಿ ಅವರು ಹಿಡಿದ ಕ್ಯಾಚುಗಳು ಒಂದು ದಿನ ಮೂರು, ಇನ್ನೊಂದು ದಿನ ಎರಡು ಮತ್ತು ಒಂದು ಸ್ಟಂಪಿಂಗ್. ಹೋದ ವಾರ ಬೇರೆ ಹೇಳಿದ್ದಿರಲ್ಲ ಎಂದು ನಾನು ಹಿಡಿದುಕೊಂಡೆ. "ಹೋದ ವಾರ ನೀವು ಸರಿಯಾಗಿ ಕೇಳಲಿಲ್ಲ ಮಾಸ್ಟ್ರೇ" ಎಂದರು. ಇರಬಹುದು.

ಅವರನ್ನು ಒಳ್ಳೆಯ ಮನುಷ್ಯ ಎಂದು ಹೇಳುವುದು ನನಗೆ ಕಷ್ಟ. ಜಂಭ ಇತ್ತು. ಬೇರೆಯವರ ಆಟಕ್ಕೆ ಅವರು ಚಪ್ಪಾಳೆ ತಟ್ಟಿದ್ದನ್ನು ನಾನು ನೋಡಿಲ್ಲ. ಒಬ್ಬ ತಂದೆ ತನ್ನ ಮಗ ಟಿವಿಯಲ್ಲಿ ಬರುವ ಮಟ್ಟಕ್ಕೆ ಹೋಗಬಹುದೇ ಎಂದು ಆಸೆಯಿಂದ ಕೇಳಿದಾಗ, ಮಗನ ಎದುರಿನಲ್ಲೇ, "ನಿಮ್ಮ ಮಗನಿಗೆ ಕೈ ಉಂಟು, ಕಾಲು ಇಲ್ಲ. ಕೇರಂ ಕಲಿಸಿ" ಎಂದಿದ್ದರು. ತಾವು ಹುಟ್ಟಿಬಂದ ಅಂಡರ್ ಆರ್ಮ್ ಆಟವನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಅದರಿಂದ ಮಕ್ಕಳ ಕೈ ಕೆಡುತ್ತದೆ ಎನ್ನುತ್ತಿದ್ದರು. ಊರಿಗೆ ಊರೇ ಅದರ ಹಿಂದೆ ಓಡುವಾಗ ಇವರು ಒಂದು ಹಳೆಯ ಮ್ಯಾಟು ಹಾಸಿ, ಚರ್ಮದ ಚೆಂಡು ಹಿಡಿದು ಮೂಡುಬಿದಿರೆಯಲ್ಲಿ ಕಾಯುತ್ತಿದ್ದರು. ಬರುತ್ತಿದ್ದ ಮಕ್ಕಳು ಒಂದು ತಂಡಕ್ಕೂ ಸಾಲುತ್ತಿರಲಿಲ್ಲ.

ಗಲ್ಫಿನಿಂದ ಬಂದ ರೀತಿಯನ್ನು ಅವರು ಒಮ್ಮೆ ಮಾತ್ರ ಹೇಳಿದರು, ಅದೂ ರಾಯಿ ದಾಟಿದ ಮೇಲೆ, ಇಳಿಯಲು ಹೆಚ್ಚು ಹೊತ್ತಿಲ್ಲ ಎಂದು ಖಚಿತವಾದಾಗ. ಮ್ಯಾನೇಜರ್ ಬದಲಾದ. ಹೊಸಬನಿಗೆ ಕ್ರಿಕೆಟ್ ಬೇಕಿರಲಿಲ್ಲ. ದೇಶದ ತಂಡದ ಜೊತೆ ಹೊರಗೆ ಹೋಗಿ ಬಂದ ಇವರಿಗೆ, ರಜೆ ಮೀರಿದೆ ಎಂದು ಕೆಲಸ ಹೋಯಿತು. ಕೆಲಸ ಹೋದರೆ ವೀಸಾ ಹೋಯಿತು. ಬೇರೆ ಕೆಲಸ ಹುಡುಕಲು ಸಿಕ್ಕಿದ ಸಮಯದಲ್ಲಿ ಅವರು ಒಂದು ಲೀಗ್ ಪಂದ್ಯವನ್ನೂ ಆಡಿದರಂತೆ. ಆ ದೇಶದ ಕೀಪರ್‌ಗೆ ಆ ದೇಶದಲ್ಲಿ ನಿಲ್ಲಲು ಕಾಗದ ಇರಲಿಲ್ಲ. ವಿಮಾನ ನಿಲ್ದಾಣಕ್ಕೆ ಬಿಡಲು ಬಂದದ್ದು ತಂಡದ ಲಾರಿ ಚಾಲಕ ಒಬ್ಬನೇ.

ಬೇಸರವೇನೂ ಇಲ್ಲದವರಂತೆ ಹೇಳಿ, ಚೀಲ ಎತ್ತಿಕೊಂಡು ಬಿ.ಸಿ. ರೋಡಿನಲ್ಲಿ ಇಳಿದು ಹೋದರು. ಹಾಗೆಂದು ನನಗೆ ನೆನಪು. ನಾನೂ ಅಲ್ಲೇ ಇಳಿಯುವವನಾದ್ದರಿಂದ ಅವರ ಹಿಂದೆಯೇ ಇಳಿದಿರಬೇಕು. ಆದರೆ ನನ್ನ ನೆನಪಿನಲ್ಲಿ ನಾನು ಬಸ್ಸಿನೊಳಗೇ ಕೂತು ಕಿಟಕಿಯಿಂದ ಅವರನ್ನು ನೋಡುತ್ತಿದ್ದೇನೆ.

ಅವರಿಗೆ ನಡೆದ ಒಂದು ಸನ್ಮಾನದ ವಿಷಯಕ್ಕೆ ಬರುತ್ತೇನೆ. ಇಷ್ಟೆಲ್ಲ ಬರೆಯುತ್ತಿರುವುದೇ ಅದಕ್ಕಾಗಿ.

ಶಾಲೆಯವರು ಮೈದಾನವನ್ನು ಇನ್ನು ಮುಂದೆ ಕೊಡುವುದು ಕಷ್ಟ ಎಂದು ಹೇಳತೊಡಗಿದ್ದ ಕಾಲ ಅದು. ಮಕ್ಕಳು ಕಡಿಮೆ, ಚರ್ಮದ ಚೆಂಡಿನಿಂದ ಕಿಟಕಿ ಗಾಜಿಗೆ ಅಪಾಯ, ಕಲಿಸುವವರಿಗೆ ಯಾವ ಸರ್ಟಿಫಿಕೇಟೂ ಇಲ್ಲ. ಆಗಲೇ ಬೆಳ್ತಂಗಡಿ ಕಡೆಯ, ವೇಣೂರಿನಿಂದ ಸ್ವಲ್ಪ ದೂರದ ಒಂದು ಊರಿನ ಯುವಕರು ತಮ್ಮ ಅಂಡರ್ ಆರ್ಮ್ ಪಂದ್ಯಾಟದಲ್ಲಿ ಇವರನ್ನು ಸನ್ಮಾನಿಸುತ್ತೇವೆಂದು ಬಂದರು. ನಮ್ಮಲ್ಲಿ ಪಂದ್ಯಾಟವೆಂದರೆ ಆಟ ಮಾತ್ರವಲ್ಲ; ಸೆಮಿಫೈನಲ್ ಮುಗಿದ ಮೇಲೆ ಒಬ್ಬ ಸಾಧಕರನ್ನು ವೇದಿಕೆಗೆ ಕರೆದು ಶಾಲು, ಪೇಟ, ಹಣ್ಣಿನ ಬುಟ್ಟಿ ಕೊಟ್ಟು, ಅಭಿನಂದನಾ ಪತ್ರವನ್ನು ದೊಡ್ಡ ದನಿಯಲ್ಲಿ ಓದಬೇಕು. ಅದಾಗದೆ ಫೈನಲ್ ಶುರುವಾಗುವುದಿಲ್ಲ. ತಾವು ಇಷ್ಟು ದ್ವೇಷಿಸುವ ಆಟದ ವೇದಿಕೆಗೆ ಕೀಪರ್ ಒಪ್ಪಿಕೊಂಡದ್ದು ನನಗೆ ಆಶ್ಚರ್ಯವಾಯಿತು. ಕಾರಣ ಅವರೇ ಹೇಳಿದರು. ಪೇಪರಿನಲ್ಲಿ ಫೋಟೋ ಬಂದರೆ ಅದನ್ನು ಶಾಲೆಯ ಪ್ರಿನ್ಸಿಪಾಲರಿಗೆ ತೋರಿಸಬಹುದು. ಮೈದಾನ ಉಳಿಯಬಹುದು.

"ಪತ್ರ ನೀವು ಬರೆಯಿರಿ ಮಾಸ್ಟ್ರೇ" ಎಂದರು. "ದೊಡ್ಡ ದೊಡ್ಡ ಶಬ್ದ ಎಂತ ಬೇಕಾದರೂ ಹಾಕಿ, ನನಗೆ ಅರ್ಥ ಆಗದಿದ್ದರೂ ಅಡ್ಡಿ ಇಲ್ಲ. ಆದರೆ ಯಾವ ದೇಶಕ್ಕೆ ಆಡಿದ್ದು ಅಂತ ಸರಿಯಾಗಿ ಹಾಕಬೇಕು. ಇಷ್ಟು ವರ್ಷದಲ್ಲಿ ಒಬ್ಬರೂ ಮೈಕಿನಲ್ಲಿ ಅದನ್ನು ಹೇಳಲಿಲ್ಲ."

ಬರೆದುಕೊಟ್ಟೆ. ದೇಶದ ಹೆಸರು ಮೊದಲ ಸಾಲಿನಲ್ಲೇ ಇತ್ತು.

ಪಂದ್ಯಾಟದ ದಿನ ನಾನೂ ಹೋದೆ. ಗದ್ದೆಗೆ ತಿರುಗುವಲ್ಲಿ ರಸ್ತೆ ಬದಿಗೆ ಆಳೆತ್ತರದ ಫ್ಲೆಕ್ಸ್ ಕಟ್ಟಿದ್ದರು. ಅದರಲ್ಲಿ ಕೀಪರ್ ಭಾರತ ತಂಡದ ನೀಲಿ ಅಂಗಿ ತೊಟ್ಟು ನಿಂತಿದ್ದರು. ಮುಖ ಅವರದು, ಯಾವುದೋ ಮದುವೆಯ ಫೋಟೋದಿಂದ ಕತ್ತರಿಸಿದ್ದು, ಗಡ್ಡದ ಅಂಚಿನಲ್ಲಿ ಇನ್ನೂ ಮದುವೆಮನೆಯ ದೀಪದ ಬೆಳಕು. ಕುತ್ತಿಗೆಯ ಕೆಳಗೆ ಬೇರೆ ಯಾರೋ ಇಪ್ಪತ್ತೈದರ ಹುಡುಗನ ದೇಹ. ಕೈಯಲ್ಲಿ ಬ್ಯಾಟು. ಕೆಳಗೆ ದೊಡ್ಡ ಅಕ್ಷರದಲ್ಲಿ: ಭಾರತ ತಂಡದ ಮಾಜಿ ವಿಕೆಟ್ ಕೀಪರ್.

ನಾನು ಪಂದ್ಯಾಟ ಸಮಿತಿಯ ಕಾರ್ಯದರ್ಶಿಯನ್ನು ಹುಡುಕಿದೆ. ಅವನು ಶಾಮಿಯಾನದ ವ್ಯಾಪಾರದವನು, ಕೆಟ್ಟವನಲ್ಲ, ಬೆಳಿಗ್ಗೆಯಿಂದ ಊಟ ಮಾಡಿರದ ಮುಖ. ಇದೇನು ಎಂದು ಕೇಳಿದೆ. ಅವನು ನನ್ನನ್ನು ಜನರೇಟರಿನ ಪಕ್ಕಕ್ಕೆ ಕರೆದುಕೊಂಡು ಹೋದ, ಯಾರಿಗೂ ಕೇಳಬಾರದೆಂದೋ ಏನೋ. ಅಲ್ಲಿ ನನಗೂ ಸರಿಯಾಗಿ ಕೇಳುತ್ತಿರಲಿಲ್ಲ.

"ಮಾಸ್ಟ್ರೇ, ನಮ್ಮ ಫ್ಲೆಕ್ಸಿನಲ್ಲಿ ಗಲ್ಫಿನ ದೇಶದ ಹೆಸರು, ಆ ಬಾವುಟ, ಅದರಲ್ಲಿ ಬ್ಯಾರಿ ಕಾಕನ ಫೋಟೋ. ಈಗಿನ ಕಾಲ ನಿಮಗೆ ಗೊತ್ತುಂಟಲ್ಲ. ಬೆಳಿಗ್ಗೆಗೆ ಯಾರಾದರೂ ಹರಿದು ಹಾಕ್ತಾರೆ. ಅದು ಅವರಿಗೂ ಅವಮಾನ, ನಮಗೂ. ಇಂಡಿಯಾ ಅಂತ ಹಾಕಿದರೆ ಯಾರಿಗೂ ತೊಂದರೆ ಇಲ್ಲ."

"ಅವರು ಇಂಡಿಯಾಕ್ಕೆ ಆಡಲಿಲ್ಲವಲ್ಲ."

"ಆಡಿದ್ದು ಇಂಡಿಯಾದವರೇ ಅಲ್ವಾ?"

ಪ್ರೀತಿಯಿಂದ ಹೇಳಿದ ಮಾತು ಅದು, ಹೆದರಿಕೆಯಿಂದ ಹೇಳಿದ್ದೂ ಹೌದು. ಎರಡನ್ನೂ ಬಿಡಿಸಿ ನೋಡುವ ಶಕ್ತಿ ನನಗಿಲ್ಲ.

ಅಷ್ಟರಲ್ಲಿ ಕೀಪರ್ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೊಸ ಚಪ್ಪಲಿ. ಫ್ಲೆಕ್ಸಿನ ಮುಂದೆ ನಿಂತರು. ಮುಖವನ್ನು ನೋಡಲಿಲ್ಲ, ಬರಹವನ್ನೂ ಓದಿದಂತೆ ಕಾಣಲಿಲ್ಲ. ಬ್ಯಾಟು ಹಿಡಿದ ಆ ಕೈಗಳನ್ನು ನೋಡುತ್ತಿದ್ದರು.

"ಕೈ ಯಾರದ್ದು ಮಾಸ್ಟ್ರೇ?" ಎಂದರು. "ಬೆರಳು ಎಲ್ಲ ನೆಟ್ಟಗೆ ಉಂಟು."

ನಾನು ವಿಷಯ ಹೇಳಿದೆ, ಕಾರ್ಯದರ್ಶಿಯ ಹೆದರಿಕೆಯನ್ನೂ ಹೇಳಿದೆ. ಬೇಡವಾದರೆ ಈಗಲೇ ವಾಪಸು ಹೋಗುವ, ನಾನೂ ಬರುತ್ತೇನೆ ಎಂದೆ. ಅವರು ಗದ್ದೆಯ ಕಡೆ ನೋಡಿದರು. ವೇದಿಕೆಯಲ್ಲಿ ಅವರ ಹೆಸರನ್ನು ಆಗಲೇ ಕೂಗುತ್ತಿದ್ದರು. ಪೇಪರಿನವರು ಬಂದಿದ್ದಾರಾ ಎಂದು ಕೇಳಿದರು. ಬಂದಿದ್ದಾರೆ ಎಂದೆ. ಅವರು ಒಳಗೆ ನಡೆದರು.

ಇನ್ನು ಮುಂದಿನದನ್ನು ನಾನು ಕಣ್ಣಾರೆ ನೋಡಿದ್ದೇನೆ, ಆದ್ದರಿಂದಲೇ ನಂಬಬೇಡಿ. ಪತ್ರ ಓದಿದರು. ನಾನು ಬರೆದದ್ದೇ, ಮೊದಲ ಸಾಲಿನ ದೇಶವೊಂದನ್ನು ಬಿಟ್ಟು. ನನ್ನ ದೊಡ್ಡ ದೊಡ್ಡ ಶಬ್ದಗಳೆಲ್ಲ ಹಾಗೆಯೇ ಉಳಿದು, ಈಗ ಸುಳ್ಳಿಗೆ ಮೆರುಗು ಕೊಡುತ್ತಿದ್ದವು. ಶಾಲು ಹೊದಿಸಿದರು. ಪೇಟ ಸ್ವಲ್ಪ ಬಿಗಿಯಾಯಿತು. ಎರಡು ಮಾತಾಡಿ ಎಂದು ಮೈಕು ಕೊಟ್ಟರು. ನನ್ನ ನೆನಪಿನ ಪ್ರಕಾರ ಅವರು ಹೀಗೆಂದರು: "ಆಡಿದ್ದು ಹೌದು. ಇಂಡಿಯಾಕ್ಕೆ ಅಲ್ಲ." ಅಷ್ಟರಲ್ಲಿ ನಿರೂಪಕ ಚಪ್ಪಾಳೆ ಎಂದು ಕೂಗಿದ, ಪಟಾಕಿ ಹಚ್ಚಿದರು, ಫೈನಲಿನ ತಂಡಗಳು ಒಳಗೆ ಓಡಿದವು. ಸಮಿತಿಯವರು ಹೇಳುವುದು, ಅವರು ಹಾಗೆ ಏನೂ ಹೇಳಲಿಲ್ಲ, ತುಂಬಾ ಸಂತೋಷ ಎಂದು ಮಾತ್ರ ಹೇಳಿದರು ಎಂದು. ಮುಂದಿನ ಸಾಲಿನಲ್ಲಿದ್ದ ಒಬ್ಬರ ಪ್ರಕಾರ ಅವರು ಬಾಯಿಯನ್ನೇ ತೆರೆಯಲಿಲ್ಲ. ಯಾರೋ ಮೊಬೈಲಿನಲ್ಲಿ ತೆಗೆದ ವೀಡಿಯೋ ಉಂಟು. ಅದರಲ್ಲಿ ಶಾಲು ಉಂಟು, ಪೇಟ ಉಂಟು, ಕೈಮುಗಿದು ಬಾಗುವ ಕೀಪರ್ ಇದ್ದಾರೆ. ಮೈಕು ಅವರ ಬಾಯಿಯ ಹತ್ತಿರ ಬರುವಾಗ ವೀಡಿಯೋ ಮುಗಿಯುತ್ತದೆ.

ಆ ವೀಡಿಯೋ ಫೋನಿನಿಂದ ಫೋನಿಗೆ ಹೋಗಿ ಮಂಗಳೂರು ತಲುಪಿತು. ಅಲ್ಲಿ ಕ್ರಿಕೆಟ್ಟನ್ನು ಆಟಕ್ಕಿಂತ ಹೆಚ್ಚಾಗಿ ಅಂಕಿಅಂಶವಾಗಿ ಬಲ್ಲ ಒಬ್ಬರು, ಈ ಮಹಾನುಭಾವರು ಭಾರತಕ್ಕೆ ಯಾವ ವರ್ಷ ಆಡಿದ್ದು ಎಂದು ಕೇಳಿದರು. ಭಾರತಕ್ಕೆ ಆಡಿದ ಎಲ್ಲರ ಪಟ್ಟಿಯನ್ನು ಕೆಳಗೆ ಹಾಕಿದರು. ಅದರಲ್ಲಿ ಇವರ ಹೆಸರು ಇರಲಿಲ್ಲ, ಇರುವುದು ಸಾಧ್ಯವೂ ಇರಲಿಲ್ಲ. ನಕಲಿ ಅಂತಾರಾಷ್ಟ್ರೀಯ ಆಟಗಾರ ಎಂಬ ಹೆಸರು ಬಿತ್ತು. ಅದರ ಕೆಳಗೆ ಜನ ಬರೆದದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ. ಇವರ ಜಾತಿಯನ್ನು ಹಿಡಿದು ಬರೆದವರು ಕೆಲವರು. ಮೂರನೆಯ ದಿನವೋ ನಾಲ್ಕನೆಯ ದಿನವೋ ಸಮಿತಿಯೇ ಒಂದು ಪ್ರಕಟಣೆ ಹೊರಡಿಸಿತು: ದೊರೆತ ತಪ್ಪು ಮಾಹಿತಿಯಿಂದಾಗಿ ಹೀಗಾಗಿದೆ, ವಿಷಾದಿಸುತ್ತೇವೆ. ಮಾಹಿತಿ ಕೊಟ್ಟವರು ಯಾರು ಎಂದು ಅದರಲ್ಲಿ ಇರಲಿಲ್ಲ. ಇರದೆಯೇ, ಕೀಪರೇ ಕೊಟ್ಟದ್ದೆಂದು ಎಲ್ಲರಿಗೂ ಗೊತ್ತಾಯಿತು.

ನಾನು ಮೂಡುಬಿದಿರೆಯ ಶಾಲೆಗೆ ಹೋದೆ. ಕೀಪರ್ ಹೇಳಿ ಕಳಿಸಿದ್ದಲ್ಲ. ನಾನು ಮೊದಲೇ ಹೇಳಿದ್ದರೆ ಬೇಡ ಎನ್ನುತ್ತಿದ್ದರು. ಪ್ರಿನ್ಸಿಪಾಲರು ಸಭ್ಯರು, ಎದ್ದು ನಿಂತು ಕೂರಿಸಿದರು. ಇಂಟರ್ನೆಟ್ಟಿನಲ್ಲಿ ಹಾಲೆಂಡಿನ ವಿರುದ್ಧದ ಆ ಪಂದ್ಯದ ಸ್ಕೋರು ಸಿಗುತ್ತದೆ. ಫೋನಿನಲ್ಲಿ ತೆಗೆದು ಅವರ ಮುಂದೆ ಇಟ್ಟೆ. ಹೆಸರು, ಪಕ್ಕದಲ್ಲಿ ಕೀಪರ್ ಎಂಬ ಗುರುತು, ತಂಡದ ಹೆಸರು. ಅವರು ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಗೆ ಓದಿದರು. ನನಗೆ ಗೆದ್ದೆ ಅನಿಸಿತು.

"ಆಡಿದ್ದಾರೆ, ಹೌದು" ಎಂದರು ಪ್ರಿನ್ಸಿಪಾಲರು. "ಆದರೆ ಇದು ಬೇರೆ ದೇಶದ್ದಲ್ಲವಾ ಸರ್? ಹಾಗಾದರೆ ಇಂಡಿಯಾಕ್ಕೆ ಆಡಿದ್ದು ಅಂತ ಯಾಕೆ ಹೇಳಿಕೊಂಡದ್ದು?"

ಅವರು ಹೇಳಿಕೊಳ್ಳಲಿಲ್ಲ, ಬೇರೆಯವರು ಹೇಳಿದ್ದು ಎಂದೆ. ವೇದಿಕೆಯಲ್ಲಿ ಅವರು ಇದ್ದರಲ್ಲ ಎಂದರು. ಇದ್ದರು. ಶಾಲು ತೆಗೆದುಕೊಂಡರಲ್ಲ ಎಂದರು. ತೆಗೆದುಕೊಂಡರು. ಹೆತ್ತವರು ಕೇಳುತ್ತಾರೆ ಸರ್, ನಾನು ಏನು ಹೇಳಲಿ ಎಂದು ಮೆತ್ತಗೆ ಹೇಳಿ ಪ್ರಿನ್ಸಿಪಾಲರು ಚಹಾ ತರಿಸಿದರು. ಕೀಪರ್ ಆಡಿದ್ದಕ್ಕೆ ಇದ್ದ ಒಂದೇ ಸಾಕ್ಷಿ ಅವರು ಸುಳ್ಳುಗಾರ ಎಂಬುದಕ್ಕೂ ಸಾಕ್ಷಿಯಾಯಿತು. ಆ ಚಹಾವನ್ನು ನಾನು ಕುಡಿದೆ. ಯಾಕೆ ಕುಡಿದೆನೋ.

ಆ ವರ್ಷದ ಬೇಸಿಗೆಯಲ್ಲಿ ಮೈದಾನಕ್ಕೆ ಇಂಟರ್‌ಲಾಕ್ ಕಲ್ಲು ಹಾಕಿ ವಾಹನ ನಿಲ್ಲಿಸುವ ಜಾಗ ಮಾಡಿದರು. ಮ್ಯಾಟನ್ನು ಶಾಲೆಯವರು ಸುತ್ತಿ ಗೋಡೆಗೆ ಒರಗಿಸಿ ಇಟ್ಟಿದ್ದರು. ತೆಗೆದುಕೊಂಡು ಹೋಗಲು ಕೀಪರ್ ಬರಲಿಲ್ಲ. ಮಳೆಗೆ ಅದು ಕೊಳೆಯಿತು.

ಬಸ್ಸಿನಲ್ಲಿ ಅವರು ಮತ್ತೆ ಸಿಗಲಿಲ್ಲ. ಭೇಟಿಯಾಗಬೇಕಾದರೆ ಬಿ.ಸಿ. ರೋಡಿನ ಅಂಗಡಿಗೆ ಹೋಗಬೇಕಿತ್ತು. ಅಂಗಡಿಯಲ್ಲಿ ಅವರು ಸ್ಟೂಲಿನ ಮೇಲೆ ಕೂರಲು ಕಲಿತಿದ್ದರು. ಕೊಡೆ ಬಿಚ್ಚಿ ತೋರಿಸುವರು, ಮಡಚುವರು. ಎದುರಿನ ಹೋಟೆಲಿನ ಟಿವಿಯಲ್ಲಿ ಪಂದ್ಯ ಇದ್ದ ದಿನ ಅಂಗಡಿಯ ಶಟರನ್ನು ಅರ್ಧಕ್ಕೆ ಎಳೆದುಕೊಳ್ಳುತ್ತಿದ್ದರು. ರಸ್ತೆಯಲ್ಲಿ ಹೋಗುವ ಹುಡುಗರು ಒಮ್ಮೊಮ್ಮೆ, ಇಂಡಿಯಾ ಟೀಮಿನ ಕಾಕ, ಈ ಸಲ ಯಾರು ಗೆಲ್ತಾರೆ ಎಂದು ಕೂಗಿ ಹೋಗುವರು. ಅವರು ತಲೆ ಎತ್ತುತ್ತಿರಲಿಲ್ಲ. ನಾನು ಒಂದು ದಿನ, ನಾವು ಪೇಪರಿಗೆ ಬರೆಯುವ, ನಿಜ ಏನೆಂದು ಹೇಳುವ, ನಾನು ಬರೆದುಕೊಡುತ್ತೇನೆ ಎಂದೆ.

"ಬೇಡ" ಎಂದರು. "ನೀವು ಒಮ್ಮೆ ಬರೆದದ್ದು ಸಾಕು."

ಆಮೇಲೆ, ಕೊಡೆಯ ಕಡ್ಡಿಯೊಂದನ್ನು ಸರಿಮಾಡುತ್ತ, ಅವರೇ ಮುಂದುವರಿಸಿದರು.

"ಆ ಸುಳ್ಳನ್ನು ನಾನೇ ಹೇಳಿದ್ದರೆ ಇಷ್ಟು ಬೇಸರ ಇರ್ತಿರಲಿಲ್ಲ ಮಾಸ್ಟ್ರೇ. ಹೇಳುವಾಗ ಆದರೂ ಒಂದು ಸುಖ ಸಿಗ್ತಿತ್ತು."

ಈ ಮಾತನ್ನು ಅವರು ಹೇಳಿದ್ದು ಖಂಡಿತ. ಅವರ ದನಿ, ಕಡ್ಡಿಯ ಶಬ್ದ, ಎಲ್ಲ ಕಿವಿಯಲ್ಲಿದೆ. ಅದರ ಅರ್ಥ ನನಗೆ ಆಗ ಆಯಿತು ಅಂದುಕೊಂಡಿದ್ದೆ.

ಹೋದ ತಿಂಗಳು ಎದೆನೋವೆಂದು ಅವರನ್ನು ಮಂಗಳೂರಿಗೆ ಕರೆದುಕೊಂಡು ಹೋದವರು ದಾರಿಯಿಂದಲೇ ವಾಪಸು ಬರಬೇಕಾಯಿತು. ಸಂಜೆಯೊಳಗೆ ದಫನ ಮುಗಿಯಿತು. ಮರುದಿನ ಬಿ.ಸಿ. ರೋಡಿನ ವೃತ್ತದಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸ್ ಬಂತು. ಹಾಕಿಸಿದ್ದು ಅದೇ ಸಮಿತಿ. ಈ ಸಲ ಬಹಳ ಎಚ್ಚರ ವಹಿಸಿದ್ದರು. ಭಾರತ ಇರಲಿಲ್ಲ, ಗಲ್ಫೂ ಇರಲಿಲ್ಲ, ಕೀಪರ್ ಎಂದೂ ಇರಲಿಲ್ಲ. ಬಿಳಿ ಅಂಗಿಯ ಫೋಟೋದ ಕೆಳಗೆ ಬರೆದಿತ್ತು: ಹಿರಿಯ ಕ್ರೀಡಾಪ್ರೇಮಿ. ಆಡದವರನ್ನು, ಬೌಂಡರಿ ಗೆರೆಯ ಆಚೆ ಕುರ್ಚಿ ಹಾಕಿಕೊಂಡು ಕೂರುವವರನ್ನು ನಮ್ಮಲ್ಲಿ ಹಾಗೆ ಕರೆಯುತ್ತಾರೆ.

ನಾನು ಅದರ ಮುಂದೆ ನಿಂತಿದ್ದಾಗ ಕಾರ್ಯದರ್ಶಿ ಬಂದ. ಕಣ್ಣು ಕೆಂಪಾಗಿತ್ತು, ಅತ್ತಿದ್ದನೆಂದು ಕಾಣುತ್ತದೆ. ನಾನು ಕೇಳುವ ಮೊದಲೇ ಶುರುಮಾಡಿದ. ಅವನಿಗೇ ಹೇಳಬೇಕಿತ್ತು.

"ಎಲ್ಲರೂ ನನಗೆ ಬೈತಾರೆ ಮಾಸ್ಟ್ರೇ, ನೀವೂ ಮನಸ್ಸಿನಲ್ಲಿ ಬೈತೀರಿ. ಆದರೆ ಆ ಫ್ಲೆಕ್ಸನ್ನು ನಾನು ಪ್ರಿಂಟಿಗೆ ಕೊಡುವ ಮೊದಲು ಅವರಿಗೆ ವಾಟ್ಸಾಪ್ ಮಾಡಿದ್ದೆ. ಹೀಗೆ ಹಾಕ್ತೇವೆ ಕಾಕ, ಬೇಡವಾದರೆ ಹೇಳಿ ಅಂತ. ಅವರು ನೋಡಿದ್ದಾರೆ. ನೀಲಿ ಗುರುತು ಬಂದಿತ್ತು. ಬೇಡ ಅಂತ ಹೇಳಲಿಲ್ಲ."

ಹೌದು ಎಂದು ಹೇಳಿದ್ದರೇ ಎಂದು ಕೇಳಿದೆ. ಏನೂ ಹೇಳಲಿಲ್ಲ, ಆದರೆ ನೋಡಿದ್ದಾರೆ ಎಂದ. ಆ ಸಂದೇಶವನ್ನು ತೋರಿಸು ಎಂದೆ. ಆ ಫೋನು ಹಾಳಾಗಿ ಎಷ್ಟೋ ಕಾಲವಾಯಿತು, ಈಗಿರುವುದು ಬೇರೆ ಎಂದ. ಸುಳ್ಳು ಹೇಳುವ ಮುಖ ಅವನದಾಗಿರಲಿಲ್ಲ. ನಿಜ ಹೇಳುವ ಮುಖ ಹೇಗಿರುತ್ತದೆ ಎಂದು ನನಗೆ ಗೊತ್ತೂ ಇಲ್ಲ.

ಕೆಲವು ದಿನ ಬಿಟ್ಟು ಅವರ ಮನೆಗೆ ಹೋದೆ. ಅವರ ಹೆಂಡತಿ ಬಾಗಿಲ ಹಿಂದಿನಿಂದ ಮಾತಾಡಿದರು. ಕೀಪರರ ಫೋನಿನ ಬಗ್ಗೆ ಕೇಳಬೇಕೆಂದೇ ಹೋಗಿದ್ದೆ. ಆದರೆ ಇದ್ದಿದ್ದನ್ನೆಲ್ಲ ಅಳಿಸಿ ಅದನ್ನು ಮೊಮ್ಮಗಳ ಆನ್‌ಲೈನ್ ಪಾಠಕ್ಕೆ ಕೊಟ್ಟಿದ್ದೇವೆ ಎಂಬ ಮಾತು ಬೇರೇನೋ ಹೇಳುವಾಗ ಅವರ ಬಾಯಿಂದಲೇ ಬಂತು. ಅಂಗಡಿ ಮುಂದುವರಿಸುತ್ತೀರಾ ಎಂದು ವಿಚಾರಿಸಿ, ಚಹಾ ಬೇಡವೆಂದು ಹೇಳಿ ಹೊರಟೆ.

ಅವರು ಆ ಚಿತ್ರವನ್ನು ಮೊದಲೇ ನೋಡಿದ್ದರೆ? ಅಂಗಡಿಯಲ್ಲೋ ಮನೆಯಲ್ಲೋ ಕೂತು, ನೀಲಿ ಅಂಗಿಯಲ್ಲಿ ತನ್ನನ್ನೇ ನೋಡಿ, ಬೇಡ ಎಂದು ಬರೆಯಲು ಹೋಗಿ ಬರೆಯದೆ ಬಿಟ್ಟಿದ್ದರೆ? ಮೈದಾನಕ್ಕಾಗಿ ಬಿಟ್ಟರೋ, ಹೆದರಿಕೆಗೆ ಬಿಟ್ಟರೋ, ಅಥವಾ ಒಮ್ಮೆಯಾದರೂ ಹಾಗೆ ಕಾಣಬೇಕೆಂದು ಅವರಿಗೂ ಇತ್ತೋ? ಇಲ್ಲ, ಕನ್ನಡಕವಿಲ್ಲದೆ ಫೋನು ತೆರೆದು, ಸರಿಯಾಗಿ ನೋಡದೆಯೇ ಮುಚ್ಚಿದ್ದೂ ಇರಬಹುದು. ಕಾರ್ಯದರ್ಶಿ ಕಳಿಸಿಯೇ ಇಲ್ಲದಿರಬಹುದು.

ನನಗೆ ಗೊತ್ತಿಲ್ಲ. ಸನ್ಮಾನ ಆದ ಮೇಲೆ ಅವರು ವರ್ಷಗಟ್ಟಲೆ ಬಿ.ಸಿ. ರೋಡಿನಲ್ಲೇ ಕೂತಿದ್ದರು, ನನ್ನ ಮನೆಯಿಂದ ನಡೆದುಹೋಗುವಷ್ಟು ಹತ್ತಿರದಲ್ಲಿ. ಅಷ್ಟೂ ದಿನ, ಅವರಲ್ಲಿ ಕೇಳಬೇಕಾದದ್ದು ಏನಾದರೂ ಉಳಿದಿದೆ ಎಂದು ನನಗೆ ಅನಿಸಿರಲೇ ಇಲ್ಲ.